ಇನ್ನೂರ ಹದಿನಾಲ್ಕು ಸಾಲುಗಳು

ಮಮತ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವಳ ತಾಯಿ, "ಕಂಪ್ಯೂಟ್ರಲ್ಲಿ ಜನರ ಹೆಸ್ರು ಬರೀತಾಳೆ" ಎಂದುಬಿಡುತ್ತಿದ್ದರು. ಅದು ಪೂರ್ತಿ ತಪ್ಪೂ ಅಲ್ಲ. ದೊಡ್ಡಬಳ್ಳಾಪುರದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಗೋವಿಂದರಾಜು ಎಂಬುವವರ ಪುಟ್ಟ ಆಫೀಸಿತ್ತು. ಶಾಲೆ, ಕಲ್ಯಾಣ ಮಂಟಪ, ಹಾಲಿನ ಸೊಸೈಟಿಗಳಿಗೆ ವೆಬ್‌ಸೈಟು ಮಾಡಿಕೊಡುವುದು ಅವರ ಕಸುಬು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದ ವರ್ಷವೇ ಮಮತ ಅಲ್ಲಿ ಸೇರಿ, ಹನ್ನೆರಡು ವರ್ಷ ಕಿಟಕಿ ಪಕ್ಕದ ಅದೇ ಕುರ್ಚಿಯಲ್ಲಿ ಕೂತಿದ್ದಳು. ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರಿನ ರೈಲು ಹತ್ತಿದರು. ಅವಳ ಗಂಡ ಮುರಳಿ ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ. ಇಬ್ಬರಿಗೂ ಊರು ಬಿಡುವ ಮನಸ್ಸಿರಲಿಲ್ಲ.

"ಮಮತ ಮಾಡಿದ ಕೆಲ್ಸನ ಇನ್ನೊಬ್ರು ನೋಡ್ಬೇಕಾಗಿಲ್ಲ ಸರ್" ಎಂದು ಗೋವಿಂದರಾಜು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು. ಆ ಆಫೀಸಿನಲ್ಲಿ ಅವಳು ಮಾಡಿದ್ದನ್ನು ನಿಜವಾಗಿಯೂ ಯಾರೂ ನೋಡುತ್ತಿರಲಿಲ್ಲ.

ಅವಳ ಪಾಲಿಗೆ ಬಂದ ಕೆಲಸಗಳಲ್ಲೆಲ್ಲ ದೊಡ್ಡದು ಊರಿನ ಒಂದು ಆರೋಗ್ಯ ಸಂಸ್ಥೆಯದು. ವಾರದಲ್ಲಿ ಐದು ದಿನ ಆ ಸಂಸ್ಥೆಯ ವ್ಯಾನು ಒಬ್ಬ ಡಾಕ್ಟರು, ಒಬ್ಬ ನರ್ಸನ್ನು ಕೂರಿಸಿಕೊಂಡು ಸಾಸಲು ಹೋಬಳಿಯ ಹಳ್ಳಿಗಳನ್ನು ಸುತ್ತುತ್ತಿತ್ತು. ಶಾಲೆಯ ಜಗುಲಿಯಲ್ಲೋ ಅರಳಿಕಟ್ಟೆಯಲ್ಲೋ ಮೇಜು ಹಾಕಿ, ಬಂದವರಿಗೆ ಬಿಪಿ, ಸಕ್ಕರೆ ನೋಡಿ, ಮಾತ್ರೆ ಕೊಡುತ್ತಿದ್ದರು. ಮೊದಲೆಲ್ಲ ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ ಇತ್ತು. ಆರು ವರ್ಷದ ಹಿಂದೆ ಅದನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿ, ನೋಟ್‌ಬುಕ್ಕುಗಳನ್ನು ಜನರಿಂದ ವಾಪಸು ಪಡೆದು ಗೋಣಿಚೀಲದಲ್ಲಿ ಕಟ್ಟಿಟ್ಟರು. "ಇನ್ಮೇಲೆ ಇದನ್ನ ಹೊತ್ಕೊಂಡ್ ಬರೋ ಹಂಗಿಲ್ಲ, ಎಲ್ಲಾ ಕಂಪ್ಯೂಟ್ರಲ್ಲೈತೆ" ಎಂದು ಹಳ್ಳಿ ಹಳ್ಳಿಯಲ್ಲೂ ಹೇಳಿ ಬಂದರು.

ಹತ್ತಿಸಿದ್ದು ಹೇಗೆಂದರೆ, ಒಂದು ಮನೆಗೆ ಒಂದು ಕಾರ್ಡಿನ ನಂಬರು. ಆ ಮನೆಯ ಜನಕ್ಕೆ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ. ಕಾಯಿಲೆ, ಮಾತ್ರೆ, ಮೈಗೆ ಆಗದ ಔಷಧಿ, ಎಲ್ಲವೂ ಮನುಷ್ಯನ ಹೆಸರಿಗೆ ಅಂಟಿಕೊಂಡಿರಲಿಲ್ಲ. ಇಂಥ ಕಾರ್ಡಿನ ಇಷ್ಟನೆಯವರು ಎಂಬುದಕ್ಕೆ ಅಂಟಿಕೊಂಡಿದ್ದವು. ಆದರೆ ಮನೆ ಎಂದಮೇಲೆ ಸುಮ್ಮನಿರುತ್ತದೆಯೇ? ಮಗಳು ಮದುವೆಯಾಗಿ ಹೋಗುತ್ತಾಳೆ, ಸೊಸೆ ಬರುತ್ತಾಳೆ, ಮುದುಕರು ತೀರಿಕೊಳ್ಳುತ್ತಾರೆ, ಅಣ್ಣತಮ್ಮಂದಿರು ಭಾಗವಾಗುತ್ತಾರೆ. ಮದುವೆಯಾಗಿ ಹೋದವಳ ಆಸ್ತಮಾ ತವರಿನ ಕಾರ್ಡಿನಲ್ಲೇ ಉಳಿಯುತ್ತಿತ್ತು. ಹಿಂದೆ ಕೆಲಸ ಮಾಡಿದ ಯಾರೋ ಇದಕ್ಕೊಂದು ತೇಪೆ ಹಾಕಿದ್ದರು. ಹೊಸ ಕಾರ್ಡಿನ ಮೂಲೆಯಲ್ಲಿ ಹಳೇ ಕಾರ್ಡಿನ ನಂಬರು ಬರೆದರೆ, ಪರದೆ ಅದನ್ನೂ ಹುಡುಕಿ ತಂದು ತೋರಿಸುತ್ತಿತ್ತು. ನಿಧಾನ, ಗೋಜಲು, ಆದರೆ ಹೇಗೋ ನಡೆಯುತ್ತಿತ್ತು.

ಇದನ್ನು ಬುಡಸಮೇತ ಸರಿಮಾಡಿಕೊಡಿ ಎಂದು ಸಂಸ್ಥೆಯ ಕಾರ್ಯದರ್ಶಿ ವೆಂಕಟರಾಯಪ್ಪನವರು ಕೇಳಿದಾಗ ಮಮತ ಖುಷಿಯಿಂದ ಒಪ್ಪಿಕೊಂಡಳು. ಎರಡು ವಾರ ಸಂಸ್ಥೆಯಲ್ಲೇ ಕೂತು, ವ್ಯಾನಿನ ನರ್ಸ್ ಆಶಾರಾಣಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಏನು ಎಲ್ಲಿರಬೇಕೆಂದು ಕೇಳಿ ಬರೆದುಕೊಂಡಳು. ಆಶಾರಾಣಿಗೆ ನಲವತ್ತೈದರ ಹತ್ತಿರ ವಯಸ್ಸು, ವ್ಯಾನಿನಲ್ಲಿ ಹದಿನಾಲ್ಕು ವರ್ಷದ ಸವೆತ. ಡಬ್ಬಿಯಲ್ಲಿ ತಂದ ಚಿತ್ರಾನ್ನವನ್ನು ಅರ್ಧ ಮಮತಳ ಮುಂದೆ ತಳ್ಳುತ್ತಿದ್ದಳು.

"ನನಗೆ ಒಂದೇ ಒಂದು ಮಾಡ್ಕೊಡಿ ಮಮತಾ" ಎಂದಿದ್ದಳು. "ಒಂದ್ ಕ್ಯಾಂಪಿಗೆ ನೂರ್ ಜನ ಬರ್ತಾರೆ. ಮುಖ ನೆನಪಿರತ್ತೆ, ಮೈಗೆ ಏನ್ ಆಗಲ್ಲ ಅನ್ನೋದು ನೆನಪಿರಲ್ಲ. ಆಗದ ಔಷಧಿ ಇದ್ರೆ ಎಲ್ಲಕ್ಕಿಂತ ಮೇಲೆ, ಕೆಂಪಗೆ, ದಪ್ಪಕ್ಷರದಲ್ಲಿ ಬರ್ಬೇಕು. ಅದೊಂದು ಬಂದ್ರೆ ನಾನು ನೆಮ್ಮದಿಯಾಗಿ ಸಿರಿಂಜ್ ಹಿಡೀತೀನಿ."

ಮಮತ ಹೊಸ ಕಟ್ಟು ಕಟ್ಟಿದಳು. ಜನರದೇ ಒಂದು ಟೇಬಲ್, ಅಂದರೆ ಕಂಪ್ಯೂಟರಿನೊಳಗಿನ ಪಟ್ಟಿ. ಒಮ್ಮೆ ಕೊಟ್ಟ ನಂಬರು ಆ ಮನುಷ್ಯನಿಗೆ ಸಾಯುವವರೆಗೆ, ಸತ್ತ ಮೇಲೂ ಅದೇ. ಮನೆಗಳದು ಇನ್ನೊಂದು ಟೇಬಲ್. ನಡುವೆ ಒಂದು ಜೋಡಣೆಯ ಟೇಬಲ್: ಯಾರು, ಯಾವ ಮನೆಯಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ. ಕಾಯಿಲೆ, ಔಷಧಿ ಎಲ್ಲವೂ ಇನ್ನು ಮನೆಗಲ್ಲ, ನೇರವಾಗಿ ಮನುಷ್ಯನಿಗೆ ನೇತುಬಿದ್ದವು. ಹಳೆಯ ತೇಪೆಗಳನ್ನೆಲ್ಲ ಕಿತ್ತುಹಾಕಿದಳು. ಅಂಥ ಅಚ್ಚುಕಟ್ಟಿನ ಕೆಲಸವನ್ನು ಅವಳು ಅದುವರೆಗೆ ಮಾಡಿರಲಿಲ್ಲ.

ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸಿದ್ದು ಒಂದು ಶುಕ್ರವಾರ. ಸಾಗಿಸಿ ಮುಗಿದ ಮೇಲೆ ತಾಳೆ ನೋಡಿದರೆ ಇನ್ನೂರ ಹದಿನಾಲ್ಕು ಸಾಲುಗಳು ಹೊರಗೇ ಉಳಿದಿದ್ದವು. ಆಗದ ಔಷಧಿಗಳ ಸಾಲುಗಳು. ಅವು ತೋರಿಸುತ್ತಿದ್ದ ಕಾರ್ಡು, ಕ್ರಮಸಂಖ್ಯೆಯಲ್ಲಿ ಈಗ ಯಾರೂ ಇರಲಿಲ್ಲ. ಒಂದೊಂದಾಗಿ ಹುಡುಕದೆ ಯಾರಿಗೆ ಸೇರಿದವೆಂದು ಹೇಳುವ ದಾರಿ ಇರಲಿಲ್ಲ.

ಅವಳು ಗೋವಿಂದರಾಜು ಬಳಿ ಹೋದಳು. "ಸರ್, ಒಂದು ವಾರ ಕೊಡಿ. ಇವನ್ನ ಒಂದೊಂದೇ ನೋಡ್ಬೇಕು."

"ಎಷ್ಟಿದೆ ಒಟ್ಟು?"

"ಎಲ್ಲಾ ಸೇರಿ ಹದಿನೆಂಟು ಸಾವಿರ ಸಾಲು. ಅದರಲ್ಲಿ ಇನ್ನೂರ ಹದಿನಾಲ್ಕು."

"ಸೋಮವಾರ ಉದ್ಘಾಟನೆ ಇಟ್ಕೊಂಡಿದಾರಮ್ಮ, ಇನ್ವಿಟೇಷನ್ನೂ ಪ್ರಿಂಟ್ ಆಗಿದೆ. ಇನ್ನೂರಕ್ಕೋಸ್ಕರ ನಿಲ್ಸೋಕಾಗತ್ತಾ? ಪಕ್ಕಕ್ಕಿಡು, ಆಮೇಲ್ ನೋಡ್ಕೊಳಣ."

ಮಮತ ಕುರ್ಚಿಗೆ ಮರಳಿ ಮೇಲಿನ ಹತ್ತು ಸಾಲುಗಳನ್ನು ಹಳೆಯ ದಾಖಲೆಯಲ್ಲಿ ಹುಡುಕಿ ನೋಡಿದಳು. ಹತ್ತೂ ತೀರಿಕೊಂಡವರವು. ಉಳಿದವೂ ಹಾಗೇ ಇರಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಮನಸ್ಸು ಹಗುರವಾಯಿತು. ಇನ್ನೂರ ಹದಿನಾಲ್ಕನ್ನೂ ಬೇರೆ ಒಂದು ಟೇಬಲ್ಲಿಗೆ ಎತ್ತಿಟ್ಟು, ವರದಿಯಲ್ಲಿ "ಎಲ್ಲ ದಾಖಲೆಗಳನ್ನೂ ವರ್ಗಾಯಿಸಿ ಪರಿಶೀಲಿಸಲಾಗಿದೆ" ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದಳು. ಹತ್ತರ ಬದಲು ಹದಿನೈದನ್ನು ನೋಡಿದ್ದರೂ ಸಾಕಿತ್ತು. ಹದಿಮೂರನೆಯದು ಕದಿರಮ್ಮನದು.

ಹೊಸದು ಚೆನ್ನಾಗಿ ಓಡಿತು. ಹೆಸರು ಹೊಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಚರಿತ್ರೆ. ಆಶಾರಾಣಿ ಫೋನ್ ಮಾಡಿ, "ನಿಮ್ ಪುಣ್ಯ ಮಮತಾ, ಕ್ಯಾಂಪು ಎರಡು ಗಂಟೆಗೇ ಮುಗೀತಿದೆ" ಎಂದಳು. ಹಾಲಿನ ಸೊಸೈಟಿಯ ಕೆಲಸ ಬಂತು, ಒಂದು ಶಾಲೆಯ ಕೆಲಸ ಬಂತು. ಪಕ್ಕಕ್ಕಿಟ್ಟದ್ದನ್ನು ಗೋವಿಂದರಾಜು ಮತ್ತೆ ಕೇಳಲಿಲ್ಲ. ಮಮತಳಿಗೆ ಎರಡು ಸಲ ನೆನಪಾಯಿತು. ಎರಡು ಸಲವೂ ಕೈಯಲ್ಲಿ ಬೇರೆ ಕೆಲಸವಿತ್ತು. ನಾಲ್ಕು ತಿಂಗಳು ಕಳೆಯಿತು.

ಕದಿರಮ್ಮ ಸಾಸಲು ಹೋಬಳಿಯ ಒಂದು ಹಳ್ಳಿಯ ಹೆಂಗಸು, ವಯಸ್ಸು ಐವತ್ತೆರಡು. ಗಂಡ ಪಿಳ್ಳಣ್ಣನ ಜೊತೆ ರಾಗಿ, ಜೋಳ ಬೆಳೆದುಕೊಂಡು, ಎರಡು ಸೀಮೆಹಸು ಕಟ್ಟಿಕೊಂಡಿದ್ದವಳು. ಹುಲ್ಲು ಕೊಯ್ಯುವಾಗ ಕಾಲಿಗೆ ಕುಡುಗೋಲು ತಾಗಿ ಗಾಯ ಕೀವುಗಟ್ಟಿತ್ತು. ಮಂಗಳವಾರ ಬೆಳಿಗ್ಗೆ ಊರಿನ ಶಾಲೆಯ ಜಗುಲಿಗೆ ವ್ಯಾನು ಬಂದಾಗ ಕುಂಟಿಕೊಂಡು ಹೋಗಿ ಸಾಲಿನಲ್ಲಿ ಕೂತಳು. ಡಾಕ್ಟರು ನೋಡಿ ಪೆನ್ಸಿಲಿನ್ ಜಾತಿಯ ಒಂದು ಇಂಜೆಕ್ಷನ್ ಬರೆದರು. ಆಶಾರಾಣಿ ರೂಢಿಯಂತೆ ಕೇಳಿದಳು: "ಯಾವ್ದಾದ್ರೂ ಔಷಧಿ ಮೈಗೆ ಆಗಲ್ವೇನಮ್ಮಾ?"

"ಆಗಾಕಿಲ್ಲ ಕಣವ್ವ ಯಾವುದೋ ಒಂದು, ಎಸ್ರು ಬರಾಕಿಲ್ಲ ನಂಗೆ. ಅವತ್ತೇ ಬರಕೊಂಡಿದ್ರಲ್ಲ. ನಿಮ್ ಕಂಪ್ಯೂಟ್ರಲ್ಲೈತೆ ನೋಡಿ."

ಆಶಾರಾಣಿ ನೋಡಿದಳು. ಪರದೆಯಲ್ಲಿ ಕೆಂಪು ಇರಲಿಲ್ಲ. ಮೇಲಿಂದ ಕೆಳಗೆ ಇನ್ನೊಮ್ಮೆ ಸರಿಸಿ ನೋಡಿದಳು. ಆಗದ ಔಷಧಿ: ಇಲ್ಲ. ಹೆಸರು ಗೊತ್ತಿಲ್ಲದ ಮಾತ್ರೆ ಯಾವುದೋ ನೋವಿನದಿರಬೇಕು ಅಂದುಕೊಂಡು ಸೂಜಿ ಚುಚ್ಚಿದಳು. ಕದಿರಮ್ಮ ಜಗುಲಿಯಿಂದ ಇಳಿದು ಬೇವಿನ ಮರದವರೆಗೆ ನಡೆದಳು, ಅಷ್ಟೆ. ತುಟಿ ಊದಿತು, ಗಂಟಲು ಕಟ್ಟಿತು. ಡಾಕ್ಟರು ಓಡಿ ಬಂದು ಕೊಡಬೇಕಾದ್ದನ್ನೆಲ್ಲ ಕೊಟ್ಟರು. ವ್ಯಾನಿನಲ್ಲೇ ಮಲಗಿಸಿಕೊಂಡು ದೊಡ್ಡಬಳ್ಳಾಪುರದ ಕಡೆ ಹೊರಟರು. ಊರು ಕಾಣುವ ಮೊದಲೇ ಅವಳ ಉಸಿರು ನಿಂತಿತ್ತು.

ಮಧ್ಯಾಹ್ನ ಸಂಸ್ಥೆಯಿಂದ ಫೋನ್ ಬಂತು. ಆ ಹೆಂಗಸಿನ ಪುಟ ಒಮ್ಮೆ ನೋಡಿ ಹೇಳಿ, ಸ್ಕ್ರೀನಿನಲ್ಲಿ ಏನು ಬರುತ್ತೆ ಅಂತ. ಮಮತ ನೋಡಿದಳು, ಏನೂ ಬರಲಿಲ್ಲ. ಆಮೇಲೆ ಹೇಳ್ತೀನಿ ಎಂದು ಫೋನಿಟ್ಟು, ಯಾರೂ ಹೇಳದಿದ್ದರೂ, ಪಕ್ಕಕ್ಕಿಟ್ಟಿದ್ದ ಟೇಬಲ್ ತೆರೆದಳು. ಹದಿಮೂರನೆಯ ಸಾಲು: ಪೆನ್ಸಿಲಿನ್, ತೀವ್ರ. ಇಂಥ ಕಾರ್ಡಿನ ನಾಲ್ಕನೆಯವರು. ಹಳೆಯ ಕಾರ್ಡನ್ನು ಹುಡುಕಿದಳು. ಒಂದು ಮಾವ, ಎರಡು ಅತ್ತೆ, ಮೂರು ಪಿಳ್ಳಣ್ಣ, ನಾಲ್ಕು ಕದಿರಮ್ಮ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಭಾಗವಾಗಿದ್ದರು. ಹೊಸ ಕಾರ್ಡಿನಲ್ಲಿ ಪಿಳ್ಳಣ್ಣ ಒಂದು, ಕದಿರಮ್ಮ ಎರಡು. ಸಕ್ಕರೆ, ಬಿಪಿ ಎಲ್ಲ ಹೊಸ ಕಾರ್ಡಿಗೆ ಬಂದಿದ್ದವು. ಇದೊಂದು ಹಳೆಯ ಮನೆಯಲ್ಲೇ ಉಳಿದಿತ್ತು. ಆ ಹರಕು ತೇಪೆ ಇರುವವರೆಗೆ ಪರದೆ ಇದನ್ನೂ ಎಳೆದು ತಂದು ತೋರಿಸುತ್ತಿತ್ತು. ತೇಪೆ ಕಿತ್ತವಳು ಮಮತ.

ಅವಳು ಎದ್ದು ಹೋಗಿ ಗೋವಿಂದರಾಜುವನ್ನು ಕರೆದುಕೊಂಡು ಬಂದು ತೋರಿಸಿದಳು.

ಗೋವಿಂದರಾಜು ಅವಳ ಕುರ್ಚಿಯಲ್ಲಿ ಕೂತು ಪರದೆ ನೋಡಿದರು. ಎದ್ದು ಬಾಗಿಲು ಹಾಕಿ ಬಂದರು. "ಮಿಕ್ಕ ಇನ್ನೂರ ಹದಿಮೂರು?"

"ಯಾರದು ಅಂತ ಗೊತ್ತಿಲ್ಲ ಸರ್."

"ಮೊದ್ಲು ಅದನ್ನ ಸರಿ ಮಾಡು. ನಾಳೆ ವ್ಯಾನು ಹೋಗಲ್ಲ, ನಾಡಿದ್ದು ಇನ್ನೊಂದು ಕ್ಯಾಂಪಿದೆ. ಹೇಳೋದು ಕೇಳೋದು ಆಮೇಲೆ."

ಮೊದಲು ಸರಿಮಾಡಬೇಕೆಂಬುದು ನಿಜವೇ ಆಗಿತ್ತು. ಆ ನಿಜದ ಹಿಂದೆ ಮಮತ ಅವಿತುಕೊಂಡಳು. ಬುಧವಾರ ಸಂಸ್ಥೆಯ ಉಗ್ರಾಣಕ್ಕೆ ಹೋಗಿ, ದಾಖಲೆ ತಾಳೆ ನೋಡಬೇಕೆಂದು ಹೇಳಿ ಗೋಣಿಚೀಲಗಳನ್ನು ಬಿಚ್ಚಿದಳು. ಇಲಿ ಕಡಿದ ಆರೇಳು ಸಾವಿರ ನೋಟ್‌ಬುಕ್ಕುಗಳು. ಸಾಲಿಗೊಂದರಂತೆ ಹುಡುಕಿ, ಹೆಸರು ಹಿಡಿದು, ಫೋನ್ ನಂಬರಿದ್ದವರಿಗೆ ಫೋನ್ ಮಾಡಿದಳು. "ಅಮ್ಮಾ, ನಿಮ್ಗೆ ಯಾವುದಾದ್ರೂ ಔಷಧಿ ಆಗಲ್ಲ ಅಂತ ಬರೆಸಿದ್ರಾ?" ಸತ್ತವರು ನೂರ ಮೂವತ್ತಾರು ಜನ. ಬದುಕಿರುವವರು ಎಪ್ಪತ್ತೇಳು. ಎಪ್ಪತ್ತೇಳು ಜನ ನಾಲ್ಕು ತಿಂಗಳಿಂದ ಆ ಜಗುಲಿಗಳಿಗೆ ಬಂದು, ತೋಳು ಚಾಚಿ ಹೋಗುತ್ತಿದ್ದರು. ಗುರುವಾರ ಬೆಳಿಗ್ಗೆ ಕ್ಯಾಂಪು ಶುರುವಾಗುವ ಹೊತ್ತಿಗೆ ಐವತ್ತೆಂಟು ಜನರ ಪುಟದಲ್ಲಿ ಕೆಂಪಕ್ಷರ ಮೂಡಿತ್ತು. ಉಳಿದ ಹತ್ತೊಂಬತ್ತು ಜನರಿಗಾಗಿ ಅವಳು ಗುರುವಾರ, ಶುಕ್ರವಾರ ಬಸ್ಸಿನಲ್ಲಿ, ಆಟೋದಲ್ಲಿ, ನಡೆದು ಹಳ್ಳಿ ಸುತ್ತಿದಳು. ಒಬ್ಬ ಮುದುಕ, "ಇದ್ಯಾಕವ್ವ ಈಗ ಬಂದ್ ಕೇಳ್ತಿದೀಯ?" ಎಂದಾಗ, ಲೆಕ್ಕ ತಾಳೆ ನೋಡುವುದಕ್ಕೆ ಅಂದಳು.

ಕದಿರಮ್ಮನ ನೋಟ್‌ಬುಕ್ಕು ಸಿಕ್ಕಿದ್ದು ಮೊದಲ ದಿನವೇ. ಒಳಪುಟದಲ್ಲಿ ಕೆಂಪು ಶಾಯಿಯಲ್ಲಿ "ಪೆನ್ಸಿಲಿನ್ ಕೂಡದು" ಎಂದು ಬರೆದು ಎರಡು ಗೆರೆ ಎಳೆದಿತ್ತು. ಅಕ್ಷರ ಆಶಾರಾಣಿಯದು. ಎರಡು ವಾರ ಪಕ್ಕದಲ್ಲಿ ಕೂತಿದ್ದ ಮಮತಳಿಗೆ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಕದಿರಮ್ಮನ ಪುಟಕ್ಕೂ ಆ ಸಾಲನ್ನು ಸೇರಿಸಿ, ನೋಟ್‌ಬುಕ್ಕನ್ನು ತನ್ನ ಚೀಲದೊಳಗೆ ಇಟ್ಟುಕೊಂಡಳು.

ಬುಧವಾರವೇ ಕದಿರಮ್ಮನ ಊರಿನವರು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟಿದ್ದರು. ಗುರುವಾರ ಸಂಸ್ಥೆಯವರು ಆಶಾರಾಣಿಯನ್ನು ಅಮಾನತು ಮಾಡಿದರು. ಕೇಳದೇ ಚುಚ್ಚಿದಳಂತೆ, ಫೋನಿನಲ್ಲಿ ಮಾತಾಡುತ್ತ ಚುಚ್ಚಿದಳಂತೆ ಎಂದು ಅವಳ ಫೋಟೋ ಸಮೇತ ವಾಟ್ಸಾಪಿನಲ್ಲಿ ಓಡಾಡಿತು. ಅಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದ ಮಮತಳಿಗೆ ಅವಳಿಂದ ಫೋನ್ ಬಂತು.

"ಮಮತಾ, ಒಂದು ಕೇಳ್ಲಾ? ಆವಮ್ಮನ ಪುಟದಲ್ಲಿ ಕೆಂಪು ಇರ್ಲಿಲ್ಲ ಅಲ್ವಾ? ಬರಕೊಂಡಿದೀರ ನೋಡಿ ಅಂದ್ರು ಆವಮ್ಮ. ನಾನ್ ನೋಡಿದೀನಿ. ಎರಡ್ ಸಲ ನೋಡಿದೀನಿ. ಆದ್ರೆ ಎಲ್ರೂ ಹಿಂಗಂದು ಹಿಂಗಂದು ನನಗೇ ಈಗ... ಇದ್ದು ನಾನೇ ನೋಡ್ಲಿಲ್ವೇನೋ ಅಂತ ಅನ್ನಿಸ್ತಿದೆ. ನೀವು ಒಳಗಡೆ ಹೋಗಿ ನೋಡಿದ್ರೆ ಗೊತ್ತಾಗತ್ತಲ್ವಾ?"

ಹೇಳಿಬಿಡಲು ಅದಕ್ಕಿಂತ ಸರಿಯಾದ ಗಳಿಗೆ ಬೇರೆ ಇರಲಿಲ್ಲ. ಮಮತಳ ಬಾಯಿಂದ ಬಂದದ್ದು, "ನೋಡ್ತೀನಿ ಮೇಡಂ, ಚೆಕ್ ಮಾಡಿ ಹೇಳ್ತೀನಿ" ಎಂಬುದು. ಆಚೆಯಿಂದ, "ನೋಡಿ ಮಮತಾ, ನಿಮ್ಮೊಬ್ರನ್ನೇ ನಂಬಿದೀನಿ" ಎಂದಳು ಆಶಾರಾಣಿ.

ಶನಿವಾರ ಮುಗಿಯುವಾಗ ಹತ್ತೊಂಬತ್ತು ಜನರದೂ ಸರಿಯಾಗಿತ್ತು. ಅವಿತುಕೊಳ್ಳಲು ಇನ್ನು ಏನೂ ಉಳಿದಿರಲಿಲ್ಲ. ಸೋಮವಾರ ಸಂಸ್ಥೆಯಲ್ಲಿ ವಿಚಾರಣೆಯೆಂದು ಗೊತ್ತಾಯಿತು. ಗೋವಿಂದರಾಜು ಮೆತ್ತಗೆ ಹೇಳಿದರು: "ನೋಡಮ್ಮ, ಈಗ ಪುಟದಲ್ಲಿ ಎಲ್ಲಾ ಸರಿಯಿದೆ. ಅವತ್ತು ಏನಿತ್ತು ಅನ್ನೋದು ನಮ್ಮಿಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಪರಿಶೀಲಿಸಿದೀನಿ ಅಂತ ಸೈನ್ ಹಾಕಿರೋಳು ನೀನು. ಯೋಚ್ನೆ ಮಾಡು." ಆ ಕಡೆಯ ಮಾತು ಬೆದರಿಕೆಯೋ ಕಾಳಜಿಯೋ ಅವಳಿಗೆ ತಿಳಿಯಲಿಲ್ಲ, ಬಹುಶಃ ಎರಡೂ ಇತ್ತು.

ಭಾನುವಾರ ಬೆಳಿಗ್ಗೆ ಮುರಳಿಗೆ ಎಲ್ಲ ಹೇಳಿದಳು. ಅವನು ದೋಸೆ ತಟ್ಟೆ ಪಕ್ಕಕ್ಕೆ ಸರಿಸಿದ.

"ಕೆಲ್ಸ ಹೋಗತ್ತೆ ಕಣೇ."

"ಗೊತ್ತು."

"ಕೇಸೂ ನಿನ್ ಮೇಲೆ ಬರ್ಬೋದು. ಗೋವಿಂದರಾಜು ಕೈ ತೊಳ್ಕೊಂಡ್ಬಿಡ್ತಾರೆ. ಜೈಲು ಗೀಲು ಅಂತ ಆದ್ರೆ?"

"ರೀ, ಆಯಮ್ಮ ತಾನು ನೋಡಿದ್ದನ್ನೇ ನಂಬ್ತಿಲ್ಲ ಈಗ."

ಮುರಳಿ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದ. ಊಟದ ಹೊತ್ತಿಗೆ ಬಂದು, "ನಾಳೆ ರಜ ಹಾಕಿದೀನಿ, ಜೊತೇಲ್ ಬರ್ತೀನಿ" ಎಂದ.

ವಿಚಾರಣೆ ನಡೆದದ್ದು ಸಂಸ್ಥೆಯ ಸಭಾಂಗಣದಲ್ಲಿ. ವೆಂಕಟರಾಯಪ್ಪನವರು, ಇನ್ನಿಬ್ಬರು ಹಿರಿಯರು, ಡಾಕ್ಟರು ಒಂದು ಕಡೆ. ಎದುರಿಗೆ ಒಂಟಿ ಕುರ್ಚಿಯಲ್ಲಿ ಆಶಾರಾಣಿ. ಆರು ದಿನದಲ್ಲಿ ಮುಖ ಇಳಿದುಹೋಗಿತ್ತು. ಕಂಪ್ಯೂಟರಿನವರೆಂದು ಗೋವಿಂದರಾಜು, ಮಮತಳನ್ನೂ ಕರೆದಿದ್ದರು. ವೆಂಕಟರಾಯಪ್ಪನವರು ಪರದೆ ತೆರೆಸಿ, "ಇಲ್ಲಿ ಸ್ಪಷ್ಟವಾಗಿ ಕೆಂಪಕ್ಷರದಲ್ಲಿ ಬಂದಿದೆಯಲ್ಲಮ್ಮ ಆಶಾರಾಣಿ, ನಿನಗೆ ಕಾಣ್ಲಿಲ್ವಾ?" ಎಂದರು.

ಆಶಾರಾಣಿ ಪರದೆ ನೋಡಿದಳು.

"ಅವತ್ತು ಇರ್ಲಿಲ್ಲ ಸರ್" ಎಂದಳು ಮಮತ. "ಅದು ನಾನು ಬುಧವಾರ ಸೇರ್ಸಿದ್ದು. ಮಂಗಳವಾರ ಅಲ್ಲಿ ಏನೂ ಇರ್ಲಿಲ್ಲ. ಅವ್ರು ನೋಡಿದ್ದು ಸರಿ."

ಆಮೇಲೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕಾರ್ಡು, ಕ್ರಮಸಂಖ್ಯೆ, ತೇಪೆ, ಇನ್ನೂರ ಹದಿನಾಲ್ಕು, ನೋಡಿದ ಹತ್ತು, ಹಾಕಿದ ಸೈನು. ಪಕ್ಕಕ್ಕಿಡು ಎಂದು ಗೋವಿಂದರಾಜು ಹೇಳಿದ್ದನ್ನೂ ಹೇಳಿದಳು, ಉಳಿದವನ್ನು ನೋಡದೆ ಬಿಟ್ಟವಳು ತಾನೆಂಬುದನ್ನೂ ಹೇಳಿದಳು. ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಗೋವಿಂದರಾಜು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ನನಗೆ ಈ ವಿಷಯ ಹೀಗೆ ಅಂತ ತಿಳಿಸಿರ್ಲಿಲ್ಲ" ಎಂದರು.

ಆಶಾರಾಣಿ ಎದ್ದು ಬಂದು ನೋಟ್‌ಬುಕ್ ತೆರೆದಳು. ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು. "ನಾನೇ ಬರ್ದಿದ್ದು" ಎಂದಳು. "ನಾನೇ ಬರ್ದಿದ್ದು, ನನಗೇ ನೆನಪಾಗ್ಲಿಲ್ಲ."

ಹೊರಗಿನ ವರಾಂಡದಲ್ಲಿ ಅವಳು ಮಮತಳನ್ನು ನಿಲ್ಲಿಸಿದಳು. ಮುರಳಿ ಗೇಟಿನ ಬಳಿ ಸ್ಕೂಟರ್ ಹಿಡಿದು ನಿಂತಿದ್ದ.

"ನಿಮಗೆ ಯಾವತ್ತು ಗೊತ್ತಾಯ್ತು?"

"ಮಂಗಳವಾರ ಮಧ್ಯಾಹ್ನ."

"ನಾನು ಫೋನ್ ಮಾಡಿದ್ದು ಗುರುವಾರ."

ಮಮತ ಹೂಂ ಎಂದಳು.

"ನನ್ ಮಗಳು ಕಾಲೇಜಿಗೆ ಹೋಗಿಲ್ಲ ಆರ್ ದಿನದಿಂದ. ನನ್ ಗಂಡ ನನ್ನ ಮುಖ ನೋಡಿ, ನಿಜ ಹೇಳು, ಫೋನಲ್ಲಿದ್ಯಾ ಅಂದ್ರು. ನಾನು ಅವತ್ತಿಂದ ಕಣ್ ಮುಚ್ಚಿದ್ರೆ ಆ ಪರದೆ ಕಾಣತ್ತೆ, ಅದರಲ್ಲಿ ಕೆಂಪು ಕಾಣತ್ತೆ. ಇಲ್ದೇ ಇರೋ ಕೆಂಪು. ನೋಡ್ತೀನಿ ಮೇಡಂ ಅಂದ್ರಲ್ಲ ನೀವು."

ಮಮತ ಕೈ ಮುಗಿಯಲು ಹೋದಳು. ಆಶಾರಾಣಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು, ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ರೋಗಿಯ ಕೈ ಇಳಿಸುವ ಹಾಗೆ. "ಬೇಡ" ಎಂದು ಹೊರಟುಹೋದಳು.

ಸಂಸ್ಥೆ ಆಶಾರಾಣಿಯದು ತಪ್ಪಿಲ್ಲವೆಂದು ಪತ್ರ ಕೊಟ್ಟು ವಾಪಸು ಕರೆಯಿತು. ಅವಳು ಹೋಗಲಿಲ್ಲ, ಸಿರಿಂಜು ಹಿಡಿದರೆ ಕೈ ನಡುಗುತ್ತದೆಂದು ಯಾರೋ ಹೇಳಿದರು. ಗೋವಿಂದರಾಜು ಆ ವಾರವೇ ಮಮತಳನ್ನು ಕೆಲಸದಿಂದ ತೆಗೆದರು. ಪೊಲೀಸರು ಕರೆದು ಹೇಳಿಕೆ ಬರೆದುಕೊಂಡರು. ಕಾರ್ಡು, ಕ್ರಮಸಂಖ್ಯೆ ಎಂದು ಅವಳು ಹೇಳುವಾಗ ರೈಟರು ಎರಡು ಸಲ ಪೆನ್ನು ಎತ್ತಿ, "ಮೇಡಂ, ಒಂದೇ ಮಾತಲ್ಲಿ ಹೇಳಿ, ಯಾರದು ತಪ್ಪು?" ಎಂದು ಕೇಳಿದ. ಒಂದೇ ಮಾತಿನಲ್ಲಿ ಹೇಳಲು ಅವಳಿಗೆ ಆಗಲಿಲ್ಲ. ಕೊನೆಗೆ, "ನಂದು ಅಂತ ಬರ್ಕೊಳ್ಳಿ" ಎಂದಳು. ಅವನು ಬರೆದುಕೊಳ್ಳಲಿಲ್ಲ, ಮತ್ತೆ ಮೊದಲಿನಿಂದ ಹೇಳಿಸಿದ.

ತಿಂಗಳು ತುಂಬಿದ ಮೇಲೆ ಅವಳು ಪಿಳ್ಳಣ್ಣನ ಊರಿಗೆ ಹೋದಳು. ಮುರಳಿ ಬೇಡವೆಂದ, ಕೇಳಲಿಲ್ಲ. ಪಿಳ್ಳಣ್ಣ ಹಟ್ಟಿಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಮದುವೆಯಾಗಿ ನೆಲಮಂಗಲದ ಕಡೆ ಇದ್ದ ಮಗಳು ಕೀರ್ತನ ಅಪ್ಪನಿಗೆ ಅಡುಗೆ ಮಾಡಿಹಾಕಲು ಬಂದಿದ್ದಳು. ಮಮತ ತಾನು ಯಾರೆಂದು ಹೇಳಿದಳು. ಟೇಬಲ್ಲು, ಸಾಲು ಎಂದೆಲ್ಲ ಹೇಳದೆ ಇಷ್ಟೇ ಹೇಳಿದಳು: "ಅವ್ರಿಗೆ ಪೆನ್ಸಿಲಿನ್ ಆಗಲ್ಲ ಅಂತ ನಮ್ಮ ಹತ್ರ ಬರ್ದಿತ್ತು. ನೀವು ಭಾಗ ಆದಾಗ ಅದು ಹಳೇ ಮನೆ ಕಾರ್ಡಲ್ಲೇ ಉಳ್ಕೊಂಡಿತ್ತು. ನಾನು ಹೊಸ್ದಾಗಿ ಜೋಡಿಸ್ವಾಗ ಅದನ್ನ ಬಿಟ್ಬಿಟ್ಟೆ. ಅವ್ರು ನರ್ಸಮ್ಮಂಗೆ ಹೇಳಿದ್ರಂತೆ, ಬರಕೊಂಡಿದೀರ ನೋಡಿ ಅಂತ. ನೋಡಿದ್ರೆ ಅಲ್ಲಿ ಇರ್ಲಿಲ್ಲ."

ಪಿಳ್ಳಣ್ಣ ಹುಲ್ಲಿನ ಕಟ್ಟು ಕೆಳಗಿಟ್ಟ. "ಏಳಿದ್ಲಾ ಅವ್ಳು?"

"ಹೇಳಿದ್ರಂತೆ."

"ಏಳ್ಲಿಲ್ಲ ಅಂತಾರಲ್ಲವ್ವ ಊರೋರೆಲ್ಲ. ನನ್ ತಮ್ಮನ ಎಂಡ್ರು ಆಡ್ಕೊಂತಾಳೆ, ಬಾಯ್ ಸತ್ತೋಳು, ಒಂದ್ ಮಾತು ಏಳಿದ್ರೆ ಉಳ್ಕೊಂತಿದ್ಲು ಅಂತ. ನಾನೂ ಬೈದೆ. ಎಣದ ಮುಂದೆ ಕೂತ್ಕೊಂಡು ಬೈದಿವ್ನಿ ಅವ್ಳನ್ನ, ಯಾಕ್ ಏಳ್ಲಿಲ್ಲ ಅಂತ."

ಕೀರ್ತನ ಒಳಗಿನಿಂದ ಬಂದು, "ಇದನ್ನ ಹೇಳೋಕೆ ಒಂದು ತಿಂಗಳು ಬೇಕಾಯ್ತಾ ನಿಮ್ಗೆ? ಹೋಗಿ ಇಲ್ಲಿಂದ" ಎಂದಳು. ಪಿಳ್ಳಣ್ಣ ಕೈಯೆತ್ತಿ ಮಗಳನ್ನು ತಡೆದ. "ಇರು. ಅಂಗೇ ಓಗ್ಬ್ಯಾಡ ಕಣವ್ವ ನೀನು. ನಾನ್ ಏಳಿದ್ರೆ ಯಾರೂ ನಂಬಾಕಿಲ್ಲ. ನೀನೇ ಏಳ್ಬೇಕು."

ತಮ್ಮನ ಮನೆಯ ಮುಂದೆ ಅವಳನ್ನು ನಿಲ್ಲಿಸಿ ಹೇಳಿಸಿದ. ಆಮೇಲೆ ಹಾಲಿನ ಡೈರಿಯ ಮುಂದೆ, ಹಾಲು ಹಾಕಲು ಬಂದವರೆಲ್ಲರ ಎದುರು ಹೇಳಿಸಿದ. ಮೂರನೆಯ ಸಲ ಶಾಲೆಯ ಬಳಿಯ ಅಂಗಡಿಯ ಮುಂದೆ. ಪ್ರತಿ ಸಲವೂ, "ಅವ್ಳು ಏಳಿದ್ಲಾ ಇಲ್ವಾ, ಅದನ್ನ ಏಳವ್ವ ಗಟ್ಟಿಯಾಗಿ" ಎನ್ನುತ್ತಿದ್ದ. ಮಮತ ಹೇಳಿದಳು. ಕೆಲವರು ಬೈದರು, ಒಬ್ಬಳು ಮಣ್ಣು ಎರಚಿದಳು. ಪಿಳ್ಳಣ್ಣನ ತಮ್ಮನ ಮಗ ಮಂಜೇಶ್ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದ. ಮೂರನೆಯ ಸಲ ಮುಗಿದ ಮೇಲೆ ಪಿಳ್ಳಣ್ಣ ಅವಳ ಕಡೆ ತಿರುಗಿಯೂ ನೋಡದೆ ಮನೆಯತ್ತ ನಡೆದ. ಬಸ್ಸು ಬರುವವರೆಗೆ ಅವಳು ರಸ್ತೆಬದಿಯಲ್ಲಿ ಒಬ್ಬಳೇ ನಿಂತಿದ್ದಳು.

ಆ ವಿಡಿಯೋ ತಾಲೂಕೆಲ್ಲ ಸುತ್ತಿತು. ದೊಡ್ಡಬಳ್ಳಾಪುರದಲ್ಲಿ ಎರಡು ಕಡೆ ಕೆಲಸ ಕೇಳಿದಳು. ಎರಡು ಕಡೆಯೂ ಅವಳ ಮುಖ ನೋಡಿ, ಆಮೇಲೆ ಫೋನ್ ಮಾಡ್ತೀವಿ ಎಂದರು. ವಿಡಿಯೋ ತೆಗೆದುಹಾಕಿಸಲು ಸ್ಟೇಷನ್ನಿಗೆ ಹೋಗೋಣವೆಂದ ಮುರಳಿ. "ಅದರಲ್ಲಿ ಸುಳ್ಳೇನಿದೆ?" ಎಂದಳು ಮಮತ. ಈಗ ನೆಲಮಂಗಲದ ಹತ್ತಿರದ ಒಂದು ಗೋದಾಮಿನಲ್ಲಿ ಬಂದ ಸರಕು, ಹೋದ ಸರಕು ಬರೆದುಕೊಳ್ಳುವ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರೂವರೆಯ ಬಸ್ಸು. ಅಲ್ಲಿ ಯಾರಿಗೂ ಅವಳ ಹಿಂದಿನದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಕೇಳುವುದಿಲ್ಲ.

ಸಂಸ್ಥೆಯ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಅವಳ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿದೆ. ಎರಡು ತಿಂಗಳಿಗೊಮ್ಮೆ ರಜ ಹಾಕಿ ಕೋರ್ಟಿಗೆ ಹೋಗುತ್ತಾಳೆ. ಆಶಾರಾಣಿಯೂ ಬರುತ್ತಾಳೆ. ಪಡಸಾಲೆಯಲ್ಲಿ ಇರುವುದು ಒಂದೇ ಉದ್ದ ಬೆಂಚು, ಆ ತುದಿಗೊಬ್ಬರು ಈ ತುದಿಗೊಬ್ಬರು ಕೂರುತ್ತಾರೆ. ಹೋದ ಸಲ ಗದ್ದಲದಲ್ಲಿ ತನ್ನ ಹೆಸರು ಕೂಗಿದ್ದು ಮಮತಳಿಗೆ ಕೇಳಿಸಲಿಲ್ಲ. ಆಶಾರಾಣಿ ಆ ತುದಿಯಿಂದಲೇ, ಎದುರಿನ ಗೋಡೆ ನೋಡುತ್ತ, "ನಿಮ್ಮನ್ನ ಕರೀತಿದಾರೆ" ಎಂದಳು. ವರಾಂಡದ ಆ ದಿನದ ನಂತರ ಅವರಿಬ್ಬರ ನಡುವೆ ಆಡಿದ್ದು ಅದೊಂದೇ ಮಾತು. ಮಮತ ಎದ್ದು ಒಳಗೆ ಹೋದಳು. ನ್ಯಾಯಾಧೀಶರು ಬಂದಿರಲಿಲ್ಲ, ಇನ್ನೊಂದು ತಾರೀಖು ಕೊಟ್ಟು ಕಳಿಸಿದರು.